ಮೂರು ಕೊಟೇಷನ್, ಒಂದು ಡ್ರಮ್: ಚಿಂತಾಮಣಿ ಕಡೆ ಡ್ರಿಪ್ ಮಾರಿದ ಐದು ತಿಂಗಳು

2025ರ ಜೂನ್ ಮೊದಲ ವಾರ. ಡ್ರಿಪ್, ಅಂದರೆ ಹನಿ ನೀರಾವರಿ ಸಾಮಗ್ರಿ ಮಾರುವ ಡೀಲರ್ ಅಂಗಡಿಯ ನಾವು ಚಿಂತಾಮಣಿ ಕಡೆಯ ರೈತರೊಬ್ಬರ ಮನೆಯ ಜಗಲಿ ಮೇಲೆ ಕೂರುವ ಹೊತ್ತಿಗೆ ಬೇರೆ ಅಂಗಡಿಗಳ ಮೂವರು ಬಂದುಹೋಗಿದ್ದರು. ಮೂರು ಕೊಟೇಷನ್ನೂ ಯಜಮಾನರ ಅಂಗಿ ಜೇಬಲ್ಲಿ ಮಡಚಿಕೊಂಡಿದ್ದವು. ಬಿಚ್ಚಿ ನೋಡಿದರೆ ಮೂರರಲ್ಲೂ ಒಂದೇ ಲೆಕ್ಕ: 1 ಎಕರೆ 20 ಗುಂಟೆ, ಟೊಮೆಟೊ, 16 ಎಂಎಂ ಇನ್‌ಲೈನ್ ಪೈಪು (ಡ್ರಿಪ್ಪರ್ ಒಳಗೇ ಇರುವುದು) 400 ಮೀಟರಿನ ಹತ್ತು ಕಾಯಿಲ್ (ಸುರುಳಿ), ಒಂದು ಫಿಲ್ಟರ್, ಒಂದು ವಾಲ್. ಕೆಳಗಿನ ಮೊತ್ತದಲ್ಲಿ ಮಾತ್ರ ಸ್ವಲ್ಪ ಹೆಚ್ಚುಕಮ್ಮಿ.

"ನೀವೆಷ್ಟು ಕಮ್ಮಿ ಮಾಡ್ತೀರ ಹೇಳಿ ಸಾರ್, ಅದೊಂದೇ ಮಾತು."

ಆ ಮಾತಿಗೆ ಅಲ್ಲೇ ರೇಟು ಹೇಳಿದರೆ ನಮ್ಮದು ನಾಲ್ಕನೇ ಚೀಟಿಯಾಗಿ ಅದೇ ಜೇಬು ಸೇರುತ್ತದೆ. ಸಹಾಯಧನದ ಡ್ರಿಪ್‌ನಲ್ಲಿ ರೇಟು ಇಳಿಸುವ ಜಾಗ ಬಹಳ ಕಿರಿದು. ಎಲ್ಲರದೂ ಐಎಸ್‌ಐ ಮಾಲು, ಇಲಾಖೆ ಒಪ್ಪುವ ಘಟಕ ವೆಚ್ಚ ಎಲ್ಲರಿಗೂ ಒಂದೇ. ಆಮೇಲೂ ಯಾರಾದರೂ ಸಾವಿರಗಟ್ಟಲೆ ಇಳಿಸಿದರೆ ಅದು ಪೈಪಿನ ದಪ್ಪದಲ್ಲಿ ಹೋಗಿರುತ್ತದೆ, ಇಲ್ಲ ಮಾರಿದ ಮೇಲೆ ಆ ಹಳ್ಳಿ ಕಡೆ ತಲೆ ಹಾಕದಿರುವುದರಲ್ಲಿ ಹೋಗಿರುತ್ತದೆ. ಹಾಗಾಗಿ ಅವತ್ತು ಕೊಟೇಷನ್ ಪುಸ್ತಕ ತೆಗೆಯಲಿಲ್ಲ. ಟೇಪು ತೆಗೆದೆವು, 200 ಲೀಟರಿನ ಖಾಲಿ ಡ್ರಮ್ ಇದೆಯಾ ಅಂತ ಕೇಳಿದೆವು. ಈ ಕಡತ ಮುಗಿದದ್ದು ಅಕ್ಟೋಬರ್ ಕೊನೆಗೆ. ಡೀಲರ್ ಅಂಗಡಿಗೆ ಹೊಸದಾಗಿ ಸೇರಿ ಹಳ್ಳಿ ಸುತ್ತುತ್ತಿರುವವರಿಗೆ ಉಪಯೋಗವಾದೀತೆಂದು, ಎಲ್ಲೆಲ್ಲಿ ಸಿಕ್ಕಿಬಿತ್ತು ಅನ್ನುವುದನ್ನು ಹೇಗೆ ನಡೆಯಿತೋ ಹಾಗೇ ಬರೆದಿದ್ದೇವೆ.

ಮೊದಲು ಅಳತೆ. ಪಹಣಿಯಲ್ಲಿ 60 ಗುಂಟೆ ಇದ್ದರೂ ಬೇಸಾಯಕ್ಕೆ ಸಿಗುವುದು ಅಷ್ಟಿರುವುದಿಲ್ಲ. ಬದು, ಮೋಟರ್ ಮನೆ, ಬಂಡಿ ದಾರಿ, ಮೂಲೆಯ ಬಂಡೆ ಎಲ್ಲ ಕಳೆದು ಟೇಪು ಹಿಡಿದಾಗ ಸಿಕ್ಕಿದ್ದು 380 ಅಡಿ ಉದ್ದ, 150 ಅಡಿ ಅಗಲ. ಅಂದರೆ 57,000 ಚದರಡಿ, ಗುಂಟೆಗೆ 1,089 ಚದರಡಿಯಂತೆ 52 ಗುಂಟೆ ಚಿಲ್ಲರೆ. ಟೊಮೆಟೊಗೆ ಸಾಲಿಂದ ಸಾಲಿಗೆ ಐದಡಿ ಇಟ್ಟರೆ 30 ಸಾಲು. 30 ಸಾಲು, 380 ಅಡಿ ಉದ್ದ, ಒಟ್ಟು 11,400 ಅಡಿ, ಮೀಟರಿಗೆ ತಂದರೆ 3,475. ಒಂಬತ್ತು ಕಾಯಿಲ್‌ಗೆ ಕೆಲಸ ಮುಗಿದು ತೇಪೆಗೆ 125 ಮೀಟರ್ ಉಳಿಯುತ್ತದೆ. ಹತ್ತನೇ ಕಾಯಿಲ್ ಬೇಕಾಗೇ ಇರಲಿಲ್ಲ. ಮೂವರೂ ಪಹಣಿಯನ್ನು ಐದಡಿಯಿಂದ ಭಾಗಿಸಿದ್ದರು, ಹೊಲಕ್ಕೆ ಇಳಿದಿರಲಿಲ್ಲ. ಇದನ್ನು ಯಜಮಾನರಿಗೆ ಹೇಳುವಾಗ ಉಳಿದ ಮೂವರ ಹೆಸರೆತ್ತಬೇಡಿ. ಟೇಪಿನ ಆ ತುದಿ ಹಿಡಿದದ್ದು ಅವರ ಮಗನೇ, ಲೆಕ್ಕ ಅವರ ಕಣ್ಣ ಮುಂದೆಯೇ ಆಗಿದೆ.

ಆಮೇಲೆ ನೀರು. ನಮ್ಮ ಕಡೆ ಬೋರಿನ ನೀರನ್ನು ಇಂಚಲ್ಲಿ ಹೇಳುತ್ತಾರೆ, "ಎರಡಿಂಚು ಬರುತ್ತೆ". ಆ ಇಂಚು ನಂಬಿ ಡಿಸೈನ್ ಮಾಡಬಾರದು, ಅದು ಬೋರ್ ಕೊರೆಸಿದ ದಿನದ ಇಂಚು. ಮೋಟರ್ ಹಾಕಿದ ತಕ್ಷಣವೂ ಅಳೆಯಬಾರದು, ಕೊಳವೆಯೊಳಗೆ ನಿಂತ ನೀರು ಮೊದಲು ಬರುವುದರಿಂದ ಜೋರಾಗೇ ಕಾಣುತ್ತದೆ. ಒಂದು ಗಂಟೆ ಓಡಲು ಬಿಟ್ಟು ಡ್ರಮ್ ಇಟ್ಟೆವು. 75 ಸೆಕೆಂಡಿಗೆ ತುಂಬಿತು. 200 ಲೀಟರಿಗೆ 75 ಸೆಕೆಂಡ್ ಅಂದರೆ ಗಂಟೆಗೆ 9,600 ಲೀಟರ್.

ಈಗ ಇದನ್ನು ಪೈಪಿನ ಲೆಕ್ಕದ ಪಕ್ಕ ಇಡಿ. 40 ಸೆಂಟಿಮೀಟರಿಗೊಂದು ಡ್ರಿಪ್ಪರ್ ಇದ್ದರೆ 3,475 ಮೀಟರಿನಲ್ಲಿ ಸುಮಾರು 8,690 ಡ್ರಿಪ್ಪರ್. ಒಂದೊಂದು ಗಂಟೆಗೆ 2 ಲೀಟರ್ ಬಿಟ್ಟರೂ ಒಟ್ಟು 17,380 ಲೀಟರ್ ಬೇಕು. ಬೋರ್ ಕೊಡುವುದು 9,600. ಒಂದೇ ವಾಲ್ ಹಾಕಿ ಪೂರ್ತಿ ಹೊಲಕ್ಕೆ ಬಿಟ್ಟರೆ ಮೋಟರ್ ಹತ್ತಿರದ ಸಾಲು ಕೆಸರು, ಕೊನೆ ಸಾಲು ಬರೀ ಒದ್ದೆ. ಮೂರು ಕೊಟೇಷನ್ನಿನಲ್ಲಿದ್ದ ಆ "ಒಂದು ವಾಲ್" ಅಂದರೆ ಇದೇ. ಆಮೇಲೆ ರೈತರು ಪೈಪು ಕಂಪನಿಯನ್ನು ಬೈಯುತ್ತಾರೆ, ಪೈಪಿನದೇನೂ ತಪ್ಪಿಲ್ಲ.

ಎರಡು ವಾಲ್ ಮಾಡಿದರೆ ತಲಾ 8,690, ಇವತ್ತಿಗೆ ಸರಿಹೋಗುತ್ತದೆ. ಆದರೆ ಯಜಮಾನರೇ ಒಂದು ಮಾತು ಹೇಳಿದರು: "ಶಿವರಾತ್ರಿ ಆದ್ಮೇಲೆ ಒಂದೂವರೆ ನಿಮಿಷದ ಮೇಲೆ ಹಿಡಿಯುತ್ತೆ ಸಾರ್ ಡ್ರಮ್ಮಿಗೆ." 95 ಸೆಕೆಂಡ್ ಅಂತ ಹಿಡಿದರೂ ಗಂಟೆಗೆ 7,580 ಲೀಟರಷ್ಟೇ. ಬೇಸಿಗೆಯಲ್ಲಿ ಎರಡು ವಾಲ್ ಸೋಲುತ್ತದೆ. ಅದಕ್ಕೇ ಮೊದಲೇ ಮೂರು ವಾಲ್ ಬರೆದೆವು, ವಾಲಿಗೆ ಹತ್ತು ಸಾಲು, ತಲಾ 5,790 ಲೀಟರ್. ಒಂದೊಂದನ್ನು ಒಂದೂವರೆ ಗಂಟೆ ಬಿಟ್ಟರೆ ಒಟ್ಟು 26,000 ಲೀಟರ್, ಹೊಲಕ್ಕೆ ಹರಡಿದರೆ ಹತ್ತಿರ ಹತ್ತಿರ 5 ಮಿಲಿಮೀಟರ್, ಬಿಸಿಲುಗಾಲದ ಟೊಮೆಟೊಗೆ ಸಾಕು. ಮೂರೂ ಸೇರಿ ನಾಲ್ಕೂವರೆ ಗಂಟೆ. ಪಂಪ್‌ಸೆಟ್ಟಿಗೆ ಬರುವ ಏಳು ಗಂಟೆ ತ್ರೀಫೇಸ್ ಕರೆಂಟಿನೊಳಗೆ ಮುಗಿಯುತ್ತದೆ, ನಡುವೆ ಕರೆಂಟ್ ಕೈಕೊಟ್ಟರೂ ಎರಡೂವರೆ ಗಂಟೆ ಕೈಯಲ್ಲಿರುತ್ತದೆ. ಹೆಚ್ಚಿಗೆ ಬಿದ್ದದ್ದು ಎರಡು ಬಾಲ್ ವಾಲ್, ಸ್ವಲ್ಪ 63 ಎಂಎಂ ಪೈಪು, ಎರಡು ಎಲ್ಬೋ. ಒಂದು ಕಾಯಿಲ್ ಉಳಿದದ್ದರಲ್ಲಿ ಅದು ಸರಿಹೋಗಿ ಮಿಕ್ಕಿತು.

ಇನ್ನೊಂದು ಎಡವುವ ಜಾಗ, ಮೇನ್ ಪೈಪಿನ ನೀರನ್ನು ಸಾಲುಗಳಿಗೆ ಹಂಚುವ ಪೈಪು, ಅಂದರೆ ಸಬ್‌ಮೇನ್. ಹೊಲದ ಅಂಚಿಗೆ ಹಾಕಿದರೆ ಮೇನ್ ಪೈಪು ಉಳಿಯುತ್ತದೆ ಅಂತ ಎಲ್ಲರೂ ಅಂಚಿಗೇ ಎಳೆಯುತ್ತಾರೆ. ಆಗ ಒಂದೊಂದು ಸಾಲು 380 ಅಡಿ, ಅಂದರೆ ಸುಮಾರು 116 ಮೀಟರ್ ಓಡಬೇಕು. ಈ ಡ್ರಿಪ್ಪರ್ ಇರುವ 16 ಎಂಎಂ ಪೈಪನ್ನು ಮಟ್ಟಸ ಹೊಲದಲ್ಲೂ 70-80 ಮೀಟರ್ ದಾಟಿಸಬಾರದು, ತುದಿಗೆ ಒತ್ತಡ ಉಳಿಯುವುದಿಲ್ಲ. ಸಬ್‌ಮೇನನ್ನು ಹೊಲದ ನಡುವೆ ಹಾಯಿಸಿ ಎರಡೂ ಕಡೆಗೆ 190 ಅಡಿ ಬಿಟ್ಟೆವು. ಟ್ರೆಂಚ್ ಉದ್ದವಾಯಿತು, ಅದರ ಖರ್ಚು ಯಾರದು ಅನ್ನುವುದನ್ನು ಅವತ್ತೇ ಹೇಳಿದೆವು.

ಹೇಳಿದ್ದು ಹೇಗೆಂದರೆ, ಕೊಟೇಷನ್ ಕಾಗದದಲ್ಲಿ ಎರಡು ಕಾಲಂ. ಎಡಕ್ಕೆ ಸಹಾಯಧನಕ್ಕೆ ಸೇರುವ ಮಾಲು. ಬಲಕ್ಕೆ "ಇದು ನಿಮ್ಮ ಕೈಯಿಂದ": ಎರಡಡಿ ಆಳದ ಟ್ರೆಂಚಿನ ಆಳುಗಳು ಇಲ್ಲ ಜೆಸಿಬಿ ಬಾಡಿಗೆ, ಬೋರಿಂದ ಹೊಲದವರೆಗಿನ ಹೆಚ್ಚುವರಿ ಪೈಪು, ಫಿಲ್ಟರ್ ಕೂರಿಸುವ ಸಿಮೆಂಟ್ ಕಟ್ಟೆ, ರೈತರ ವಂತಿಗೆ. ಸಹಾಯಧನದ ಕಾಲಂ ತೋರಿಸಿ ಬಲಗಡೆಯದನ್ನು ಮುಚ್ಚಿಟ್ಟರೆ ಆರ್ಡರ್ ಬೇಗ ಸಿಗುತ್ತದೆ, ಜಗಳವೂ ಫಿಟ್ಟಿಂಗ್ ದಿನವೇ ಸಿಗುತ್ತದೆ. ಪ್ರತಿ ಮಾಲಿನ ಮುಂದೆ ಐಎಸ್ ನಂಬರ್ ಬರೆಯಿರಿ: ಇನ್‌ಲೈನ್ ಪೈಪಿಗೆ 13488, ಪಿವಿಸಿಗೆ 4985. ಪೈಪಿನ ಮೇಲೆ ಅಚ್ಚಾಗಿರುವ ಸಿಎಂ/ಎಲ್ ನಂಬರನ್ನು (ಬಿಐಎಸ್ ಪರವಾನಗಿ ಸಂಖ್ಯೆ) ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡುವುದನ್ನು ಮನೆಯ ಓದುವ ಹುಡುಗರಿಗೆ ಕಲಿಸಿಕೊಟ್ಟು ಬನ್ನಿ. ಒಂದೇ ಉದ್ದದ ಎರಡು ಕಾಯಿಲ್ ತೂಗಿ ತೋರಿಸಿದರೂ ಆದೀತು, ಗೋಡೆ ತೆಳುವಾಗಿದ್ದದ್ದು ತಕ್ಕಡಿಯಲ್ಲಿ ಬಯಲಾಗುತ್ತದೆ. ಟೊಮೆಟೊ ಬಾಕ್ಸ್ ತೂಗಿ ಮಾರುವವರಿಗೆ ತಕ್ಕಡಿ ಹೇಳುವಷ್ಟು ಯಾವ ಬಣ್ಣದ ಕರಪತ್ರವೂ ಹೇಳುವುದಿಲ್ಲ.

ಆರ್ಡರ್ ಒಪ್ಪಿಗೆಯಾದದ್ದು ಎರಡನೇ ಭೇಟಿಗೆ. ಅಲ್ಲಿಂದ ಶುರುವಾದದ್ದು ಕಾಗದದ ಕಾಟ.

ಯಾವ ಇಲಾಖೆ ಅನ್ನುವುದೇ ಮೊದಲ ಪ್ರಶ್ನೆ. ಟೊಮೆಟೊ, ಮಾವು, ದ್ರಾಕ್ಷಿ, ಹೂವು ಆದರೆ ತೋಟಗಾರಿಕೆ. ಹಿಪ್ಪುನೇರಳೆ ಆದರೆ ರೇಷ್ಮೆ ಇಲಾಖೆ. ಹೊಲದ ಬೆಳೆಗೆ ಕೃಷಿ ಇಲಾಖೆ, ಹೋಬಳಿಯ ರೈತ ಸಂಪರ್ಕ ಕೇಂದ್ರ. ಶಿಡ್ಲಘಟ್ಟದ ಕಡೆ ಒಂದೇ ಸರ್ವೆ ನಂಬರಿನಲ್ಲಿ ಅರ್ಧ ಹಿಪ್ಪುನೇರಳೆ ಅರ್ಧ ತರಕಾರಿ ಇರುತ್ತದೆ, ಅಲ್ಲಿ ಅರ್ಜಿ ತಪ್ಪು ಮೇಜಿಗೆ ಹೋಗಿ ತಿಂಗಳು ಕಳೆದು ವಾಪಸ್ ಬರುವುದುಂಟು. ಅದೇ ಜಮೀನಿಗೆ ಏಳು ವರ್ಷದೊಳಗೆ ಡ್ರಿಪ್ ಸಹಾಯಧನ ಪಡೆದಿದ್ದಾರಾ ಅಂತಲೂ ಮೊದಲ ದಿನವೇ ಕೇಳಿ. ಕೊಟ್ಟಿದ್ದು ಅಪ್ಪನ ಕಾಲದಲ್ಲಿ, ಮಗನಿಗೆ ಗೊತ್ತಿಲ್ಲ ಅನ್ನುವುದು ಎಷ್ಟೋ ಸಲ ಆಗುತ್ತದೆ. ಶೇಕಡಾವಾರು ಮಾತ್ರ ಬಾಯಿಮಾತಲ್ಲಿ ಹೇಳಬೇಡಿ. ಕೇಂದ್ರದ 'ಪ್ರತಿ ಹನಿಗೆ ಹೆಚ್ಚು ಬೆಳೆ' ಮಾರ್ಗಸೂಚಿಯಲ್ಲಿ ಸಣ್ಣ, ಅತಿಸಣ್ಣ ರೈತರಿಗೆ 55, ಉಳಿದವರಿಗೆ 45. ಅದರ ಮೇಲೆ ರಾಜ್ಯ ಸೇರಿಸುವ ಪಾಲು ಇದೆ. ಆ ವರ್ಷದ ಆದೇಶದ ಪ್ರತಿಯನ್ನೇ ಕೈಗೆ ಕೊಡಿ.

ಕಾಗದಗಳ ಪಟ್ಟಿ ದೊಡ್ಡದೇನಲ್ಲ: ಫ್ರೂಟ್ಸ್ ನಂಬರ್ (ರಾಜ್ಯದ ರೈತ ನೋಂದಣಿ ಸಂಖ್ಯೆ), ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಫೋಟೊ, ನೀರಿನ ಮೂಲಕ್ಕೆ ಬೋರಿನ ಆರ್‌ಆರ್ ನಂಬರಿರುವ ಬೆಸ್ಕಾಂ ದಾಖಲೆ, ಅನ್ವಯಿಸುವವರಿಗೆ ಜಾತಿ ಪ್ರಮಾಣಪತ್ರ, ಸಣ್ಣ ರೈತರ ಪ್ರಮಾಣಪತ್ರ. ನಾವು ಎಡವಿದ್ದು ಪಹಣಿಯಲ್ಲಿ. ಅಳತೆ ದಿನ ತೋರಿಸಿದ ಜೆರಾಕ್ಸ್‌ನಲ್ಲಿ ವಿಸ್ತೀರ್ಣ ನೋಡಿದೆವೇ ಹೊರತು ಖಾತೆದಾರರ ಕಾಲಂ ನೋಡಲಿಲ್ಲ. ಹೆಸರು ಯಜಮಾನರ ತಂದೆಯದು, ಅವರು ತೀರಿಕೊಂಡಿದ್ದರು. ತೀರಿದವರ ಹೆಸರಿನ ಜಮೀನು ಮಗನ ಫ್ರೂಟ್ಸ್ ನಂಬರಿಗೆ ಸೇರುವುದಿಲ್ಲ, ಸೇರದಿದ್ದರೆ ಅರ್ಜಿಯೇ ಇಲ್ಲ.

ಅಲ್ಲಿಂದ ಪೌತಿ ಖಾತೆ, ಅಂದರೆ ತೀರಿದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಅದಕ್ಕೆ ಗ್ರಾಮ ಆಡಳಿತಾಧಿಕಾರಿಯ ಮಹಜರು, ಆಮೇಲೆ ಅರ್ಜಿ, ನೋಟಿಸ್, ತಕರಾರಿಲ್ಲದಿದ್ದರೆ ಮ್ಯುಟೇಷನ್. ಆರು ವಾರ ಹಿಡಿಯಿತು. ಅದರಲ್ಲಿ ಎರಡು ವಾರ ಬೆಂಗಳೂರಿನಲ್ಲಿರುವ ತಮ್ಮನ ಸಹಿಗೆ. ಅವರು ಬರುವುದು ಭಾನುವಾರ, ಭಾನುವಾರ ಕಚೇರಿ ಇಲ್ಲ. ವಂಶವೃಕ್ಷ ಅಂದರೆ ಆಸ್ತಿ ಭಾಗವೇ ಅಂದುಕೊಂಡು ತಾಯಿ ಹೆದರಿದ್ದರು. ನಮ್ಮ ಗಡಿ ತಾಲೂಕುಗಳಲ್ಲಿ ಕಚೇರಿ ಮಾತು ಕನ್ನಡ, ಅಡುಗೆಮನೆ ಮಾತು ತೆಲುಗು. ಅವರಿಗೆ ತೆಲುಗಿನಲ್ಲೇ ಕೂತು ಹೇಳಿದ ಮೇಲೆ ಹೆಬ್ಬೆಟ್ಟು ಬಿತ್ತು. ಖಾತೆ ಇಬ್ಬರು ಅಣ್ಣತಮ್ಮಂದಿರ ಹೆಸರಿಗೆ ಜಂಟಿಯಾಗಿ ಬಂದದ್ದರಿಂದ ತಮ್ಮನ ಒಪ್ಪಿಗೆ ಪತ್ರ ಬೇರೆ ಬೇಕಾಯಿತು. ಅದನ್ನು ವಂಶವೃಕ್ಷದ ದಿನವೇ ಬರೆಸಿಟ್ಟುಕೊಂಡಿದ್ದರೆ ಇನ್ನೊಂದು ಭಾನುವಾರ ಉಳಿಯುತ್ತಿತ್ತು.

ಈ ಆರು ವಾರದಲ್ಲೇ ಗಿರಾಕಿ ಕೈತಪ್ಪುವುದು. ನಡುವೆ ಒಬ್ಬರು ಬಂದು, "ಆರ್ಡರ್ ಕಾಯೋದ್ಯಾಕೆ, ನಾಳೆನೇ ಹಾಕಿಕೊಡ್ತೀವಿ, ಕಡತ ಆಮೇಲೆ ಮಾಡಿಸೋಣ" ಅಂದರಂತೆ. ಯಜಮಾನರಿಗೂ ಅವಸರ, ನರ್ಸರಿಯಲ್ಲಿ ಸಸಿ ಬುಕ್ ಆಗಿತ್ತು. ಕಾರ್ಯಾದೇಶಕ್ಕೆ (ಡ್ರಿಪ್ ಹಾಕಲು ಇಲಾಖೆ ಕೊಡುವ ಆದೇಶ) ಮುಂಚೆ ಹಾಕಿದ ಡ್ರಿಪ್ಪಿಗೆ ಸಹಾಯಧನ ಬರುವ ಖಾತ್ರಿ ಇಲ್ಲ, ಖಾಲಿ ಹೊಲದ ಜಿಪಿಎಸ್ ಫೋಟೊ ಮೊದಲು ಬೇಕು. ಇದನ್ನು ಫೋನಿನಲ್ಲಿ ಹೇಳಿದರೆ ವಾದವಾಗುತ್ತದೆ. ನೇರ ಹೋಗಿ ಎರಡು ದಾರಿ ಬರೆದುಕೊಟ್ಟೆವು: ಈಗಲೇ ಹಾಕಿದರೆ ಪೂರ್ತಿ ದುಡ್ಡು ನಿಮ್ಮದಾಗುವ ಅಪಾಯ, ಕಾದರೆ ಒಂದು ಬೆಳೆ ತಡ. ಅವರು ಸಸಿ ಮುಂದೂಡಿ ಆ ಹೊಲಕ್ಕೆ ಕೊತ್ತಂಬರಿ ಚೆಲ್ಲಿದರು, ನಲವತ್ತು ದಿನಕ್ಕೆ ಕಿತ್ತು ಮಾರಿದರು. ಕಾಯುವ ಕಾಲದಲ್ಲಿ ವಾರಕ್ಕೊಂದು ಫೋನ್ ಮಾಡುತ್ತಿದ್ದೆವು, ಹೇಳಲು ಏನೂ ಇಲ್ಲದಿದ್ದರೂ. "ಇವತ್ತೂ ಆಗಿಲ್ಲ, ಗುರುವಾರ ಮತ್ತೆ ಹೋಗ್ತೀವಿ" ಅನ್ನುವ ಫೋನು. ಸುದ್ದಿ ಇದ್ದಾಗ ಮಾತ್ರ ಫೋನ್ ಮಾಡುವವರನ್ನು ರೈತರು ತಪ್ಪಿಸಿಕೊಂಡು ತಿರುಗುವವರು ಅಂದುಕೊಳ್ಳುತ್ತಾರೆ, ಅದು ಅವರ ತಪ್ಪೂ ಅಲ್ಲ.

ಹೆಸರಿನ ಅಕ್ಷರದ್ದೂ ಒಂದು ಕಾಟ. ಪಹಣಿಯಲ್ಲಿ ವೆಂಕಟರವಣಪ್ಪ, ಆಧಾರ್‌ನಲ್ಲಿ ವೆಂಕಟರಮಣಪ್ಪ, ಇಂಥದು ಹತ್ತರಲ್ಲಿ ಮೂರು ಮನೆಯಲ್ಲಿ ಎದುರಾಗುತ್ತದೆ. ಅರ್ಜಿ ಹಾಕುವ ಮುಂಚೆ ಮೂರು ದಾಖಲೆಯನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಓದಿ. ಬ್ಯಾಂಕಿನದು ಇನ್ನೊಂದು: ಎರಡು ಖಾತೆ ಇದ್ದವರಿಗೆ ಹಣ ಹೋಗುವುದು ಪಾಸ್‌ಬುಕ್ ಕೊಟ್ಟ ಖಾತೆಗಲ್ಲ, ಆಧಾರ್ ಕೊನೆಗೆ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅದಕ್ಕೆ. ಸಹಾಯಧನ ರೈತರ ಖಾತೆಗೋ ಕಂಪನಿಗೋ ಅನ್ನುವುದನ್ನೂ ಅರ್ಜಿಗೆ ಮುಂಚೆ ಕೇಳಿಟ್ಟುಕೊಳ್ಳಿ. ರೈತರ ಖಾತೆಗಾದರೆ ಮಾಲಿನ ದುಡ್ಡು ಮೊದಲು ಯಾರು ಹಾಕಬೇಕು ಅನ್ನುವ ಪ್ರಶ್ನೆ ಬರುತ್ತದೆ.

ಕಾರ್ಯಾದೇಶ ಸೆಪ್ಟೆಂಬರ್ ಮಧ್ಯಕ್ಕೆ ಬಂತು. ಅಷ್ಟರಲ್ಲಿ ಅದೇ ತಿಂಗಳ 22ರಿಂದ ಡ್ರಿಪ್ ಸಾಮಗ್ರಿ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿಯಿತು. ನಮ್ಮ ಕಂಪ್ಯೂಟರಿನ ನಮೂನೆಯಲ್ಲಿ ಇನ್ನೂ 12 ಕೂತಿತ್ತು. ಬಿಲ್ ಮಾಡುವ ಹಿಂದಿನ ದಿನ ಕಣ್ಣಿಗೆ ಬಿತ್ತು. ಹೊಸ ಅಂದಾಜು ಪಟ್ಟಿ ಕೊಟ್ಟು ತಿದ್ದಿಸಲು ಇನ್ನೊಂದು ವಾರ. ಆದರೂ ರೈತರ ಪಾಲು ಎಷ್ಟು ಇಳಿಯುತ್ತದೆ ಅನ್ನುವುದನ್ನು ಅವರಿಗೆ ಟೀ ಅಂಗಡಿಯಲ್ಲಿ ಬೇರೆ ಯಾರೋ ಹೇಳುವ ಮುಂಚೆ ನಾವೇ ಹೇಳಿದೆವು. ಬಿಡಿಯಾಗಿ ಕೊಳ್ಳುವ ಮಾಮೂಲಿ ಪಿವಿಸಿ ಪೈಪಿಗೆ 18 ಹಾಗೇ ಇದೆ, ಅದನ್ನೂ ಹೇಳಿ. ಇಲ್ಲದಿದ್ದರೆ ಬಲಗಡೆ ಕಾಲಮ್ಮಿಗೂ 5 ಅಂತ ಲೆಕ್ಕ ಹಾಕಿಕೊಂಡಿರುತ್ತಾರೆ.

ಫಿಟ್ಟಿಂಗ್ ಎರಡು ದಿನದ ಕೆಲಸ. ಅವಸರ ಮಾಡಬಾರದ್ದು ಎರಡೇ ಕಡೆ. ಸಬ್‌ಮೇನಿಗೆ ತೂತು ಹೊಡೆದಾಗ ಉದುರುವ ಪಿವಿಸಿ ಚೂರು ಒಳಗೇ ಉಳಿಯುತ್ತದೆ. ಆ ತೂತಿಗೆ ಸಾಲಿನ ಪೈಪು ಜೋಡಿಸುವ ಗ್ರೋಮೆಟ್, ಟೇಕ್‌ಆಫ್ ಕೂರಿಸುವ ಮುಂಚೆ ಫ್ಲಶ್ ವಾಲ್ ತೆರೆದು ತೊಳೆಯಬೇಕು, ಪೈಪು ಎಳೆದ ಮೇಲೂ ತುದಿಯ ಎಂಡ್ ಕ್ಯಾಪ್ ಹಾಕದೆ ಹತ್ತು ನಿಮಿಷ ನೀರು ಬಿಡಬೇಕು. ಹೊಸ ಡ್ರಿಪ್ ಮೊದಲ ವಾರವೇ ಕಟ್ಟಿಕೊಂಡಿತು ಅಂದರೆ ಈ ಚೂರೇ ಕಾರಣ, ನೀರಲ್ಲ. ಎರಡನೆಯದು ಫಿಲ್ಟರಿನ ಎರಡೂ ಕಡೆ ಪ್ರೆಶರ್ ಗೇಜ್. ಎರಡರ ಅಂತರ ಅರ್ಧ ಕೆಜಿ ದಾಟಿದರೆ ಫಿಲ್ಟರ್ ತೊಳೆಯಿರಿ ಅಂತ ಕಟ್ಟೆ ಮೇಲೆ ಬಣ್ಣದಲ್ಲಿ ಬರೆಸಿದೆವು. ಇಲ್ಲಿ ಬೋರ್ ನೀರಾದ್ದರಿಂದ ಜಾಲರಿ ಫಿಲ್ಟರ್ ಸಾಕಾಯಿತು. ಕೃಷಿ ಹೊಂಡದ್ದೋ ಕೆರೆಯದ್ದೋ ನೀರಾದರೆ ಪಾಚಿ ಬರುತ್ತದೆ, ಮರಳಿನ ಫಿಲ್ಟರ್ ಇಲ್ಲದೆ ಮಾರುವುದು ಮೋಸ ಅಂತಲೇ ನಮ್ಮ ಅಭಿಪ್ರಾಯ.

ಸುಣ್ಣದ ಸಂಗತಿ ಉಳಿದವರು ಹೇಳಿಯೇ ಇರಲಿಲ್ಲ. ಸಾವಿರ ಅಡಿ ಕೆಳಗಿನ ನೀರು ಗಡಸು, ಸ್ನಾನದ ಹಂಡೆ ಒಳಗೆ ಬಿಳಿ ಪದರ ನೋಡಿದರೇ ಗೊತ್ತಾಗುತ್ತದೆ. ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ನೀರು ಪರೀಕ್ಷೆ ಮಾಡಿಸಿದೆವು. ಡ್ರಿಪ್ಪರಿನಲ್ಲಿ ಕಟ್ಟುವ ಈ ಸುಣ್ಣ ಕರಗಿಸಲು ಬೇಕಾದ ಆಸಿಡ್ ಪ್ರಮಾಣವನ್ನು ಹೊಲದಲ್ಲೇ ಹೀಗೆ ಹಿಡಿಯಬಹುದು: 10 ಲೀಟರ್ ಬೋರ್ ನೀರಿಗೆ ಹೈಡ್ರೋಕ್ಲೋರಿಕ್ ಆಸಿಡ್ಡನ್ನು ಮಿಲಿಲೀಟರ್ ಮಿಲಿಲೀಟರಾಗಿ ಹಾಕುತ್ತ ಪಿಎಚ್ ಪಟ್ಟಿ 4ಕ್ಕೆ ಬರುವವರೆಗೆ ನೋಡಿ. ಇಲ್ಲಿ 8 ಮಿಲಿ ಹಿಡಿಯಿತು. ಒಂದು ವಾಲಿಗೆ ಕಾಲು ಗಂಟೆಯಲ್ಲಿ 1,450 ಲೀಟರ್ ಹರಿಯುತ್ತದೆ, ಅದಕ್ಕೆ ಸುಮಾರು 1.2 ಲೀಟರ್ ಆಸಿಡ್. ವೆಂಚುರಿಯಲ್ಲಿ (ಹರಿಯುವ ನೀರಿಗೆ ದ್ರವ ಎಳೆದು ಸೇರಿಸುವ ಸಾಧನ) ಬಿಟ್ಟು, ಪೈಪಿನ ತುದಿಯಲ್ಲೂ 4 ಬಂದ ಮೇಲೆ ನಿಲ್ಲಿಸಿ, ಒಂದು ದಿನ ಹಾಗೇ ಬಿಟ್ಟು, ಎಂಡ್ ಕ್ಯಾಪ್ ಬಿಚ್ಚಿ ತೊಳೆಯಬೇಕು. ನೀರಿಗೆ ಆಸಿಡ್ ಸುರಿಯಬೇಕು, ಆಸಿಡ್ಡಿಗೆ ನೀರಲ್ಲ, ಸಿಡಿಯುತ್ತದೆ. ಗ್ಲೌಸು, ಕನ್ನಡಕ ನಮ್ಮ ಚೀಲದಲ್ಲೇ ಇರುತ್ತದೆ. ಗೊಬ್ಬರದಲ್ಲಿ ಒಂದೇ ಎಚ್ಚರ: ಕ್ಯಾಲ್ಸಿಯಂ ನೈಟ್ರೇಟನ್ನು ಸಲ್ಫೇಟ್ ಇಲ್ಲ ಫಾಸ್ಫೇಟ್ ಇರುವ ಗೊಬ್ಬರದ ಜೊತೆ ಒಂದೇ ಬಕೆಟ್ಟಿನಲ್ಲಿ ಕಲಸಬೇಡಿ. ಹಾಲಿನಂತೆ ಒಡೆದು ತಳ ಕೂರುತ್ತದೆ, ಪೈಪಿಗೆ ಹೋದರೆ ಆಸಿಡ್ಡಿಗೂ ಸುಲಭಕ್ಕೆ ಬಗ್ಗುವುದಿಲ್ಲ.

ಇಲಾಖೆಯವರು ತಪಾಸಣೆಗೆ ಬಂದ ದಿನ ಹೊಲದಲ್ಲಿ ನೀರು ಓಡುತ್ತಿರಬೇಕು, ಬಿಲ್ಲಿನಲ್ಲಿರುವ ಮಾಲೆಲ್ಲ ಕಣ್ಣಿಗೆ ಕಾಣಬೇಕು. ಟ್ರೆಂಚ್ ಮುಚ್ಚುವ ಮುಂಚೆಯೇ ಸಬ್‌ಮೇನಿನ ಫೋಟೊ ತೆಗೆದಿದ್ದರಿಂದ ಮತ್ತೆ ಅಗೆಯುವುದು ತಪ್ಪಿತು. ಒಟ್ಟು ಹನ್ನೊಂದು ಸಲ ಆ ಹಳ್ಳಿಗೆ ಹೋಗಿಬಂದಿದ್ದೆವು. ಪೆಟ್ರೋಲ್ ಲೆಕ್ಕ ಹಾಕಿದರೆ ಒಂದು ಕಡತಕ್ಕೆ ಇದು ಜಾಸ್ತಿಯೇ. ಖಾತೆದಾರರ ಕಾಲಂ ಮೊದಲ ದಿನವೇ ನೋಡಿದ್ದರೆ ಏಳಕ್ಕೆ ಮುಗಿಯುತ್ತಿತ್ತು.

ನಾಟಿ ಆದ ಹದಿನೈದನೇ ದಿನ ಹೋದಾಗ ಮೊದಲ ಸಾಲಿನ ಆರಂಭದಲ್ಲೂ ಕೊನೇ ಸಾಲಿನ ತುದಿಯಲ್ಲೂ ಡ್ರಿಪ್ಪರ್ ಕೆಳಗೆ ಲೋಟ ಇಟ್ಟು ಒಂದೇ ಹೊತ್ತು ಹಿಡಿದೆವು, ನೀರಿನ ಮಟ್ಟ ಒಂದೇ ಸಮ ಬಂತು. ಬದುವಿನ ಮೇಲೆ ಕೂತು ಪಕ್ಕದ ಹೊಲದವರೂ ನೋಡುತ್ತಿದ್ದರು. ನಾಲ್ಕು ದಿನ ಬಿಟ್ಟು ಅವರ ಫೋನ್ ಬಂತು.

"ಡ್ರಮ್ಮಿಗೆ 82 ಸೆಕೆಂಡ್ ಸಾರ್. ಮೋಟರ್ ಒಂದ್ಗಂಟೆ ಓಡಿಸ್ಬಿಟ್ಟೇ ಹಿಡಿದಿದ್ದು."

"ಸರಿ ಅಣ್ಣ. ಪಹಣಿ ಯಾರ ಹೆಸರಲ್ಲಿದೆ?"

"ತಾತನ ಹೆಸರಲ್ಲಿ."